ವಾರ್ಡಿನಲ್ಲಿ ರೋಗಿ ಕೈಮೀರುವ ಮುಂಚೆ

ಸಿನಿಮಾದಲ್ಲಿ ಹೃದಯ ನಿಲ್ಲೋದು ಯಾವಾಗಲೂ ಇದ್ದಕ್ಕಿದ್ದಂತೆ. ಮಾನಿಟರಿನ ಗೆರೆ ನೆಟ್ಟಗಾಗುತ್ತದೆ, ಎಲ್ಲರೂ ಓಡಿ ಬರುತ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಹೀಗೆ ಆಗೋದು ಕಡಿಮೆ. ಅಲ್ಲಿ ಹೃದಯ ನಿಂತಿದೆ ಅಂತ 'ಕೋಡ್ ಬ್ಲೂ' ಕೂಗುವ ಹೊತ್ತಿಗೆ ರೋಗಿಯ ದೇಹ ಎಷ್ಟೋ ಗಂಟೆಗಳಿಂದ ಸುಳಿವು ಕೊಡುತ್ತಲೇ ಇರುತ್ತದೆ. ಬೇಸರದ ಸಂಗತಿ ಅಂದರೆ, ಬಹಳಷ್ಟು ಸಲ ಆ ಸುಳಿವು ಕೇಸ್ ಶೀಟಿನಲ್ಲೇ ಬರೆದಿರುತ್ತದೆ.

ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಒಂದು 1990ರಲ್ಲಿ ಅಮೆರಿಕದ ಮಯಾಮಿಯಿಂದ ಬಂತು. ಆಸ್ಪತ್ರೆಯೊಳಗೇ ಹೃದಯ ನಿಂತುಹೋದ 64 ರೋಗಿಗಳ ದಾಖಲೆಗಳನ್ನು ವೈದ್ಯರು ಹಿಂದಕ್ಕೆ ತಿರುಗಿಸಿ ಓದಿದರು. 84 ಪ್ರತಿಶತ ರೋಗಿಗಳಲ್ಲಿ, ಹೃದಯ ನಿಲ್ಲುವ 8 ಗಂಟೆ ಮುಂಚಿನ ಅವಧಿಯಲ್ಲಿ ಏನೋ ಕೆಟ್ಟಿದೆ ಅನ್ನೋದಕ್ಕೆ ಬರಹದ ಪುರಾವೆ ಇತ್ತು. ಉಸಿರಾಟ ಜೋರಾಗಿತ್ತು, ಅಥವಾ ರೋಗಿ ಮಂಕಾಗಿದ್ದರು, ಅಥವಾ ಹೊಸದೊಂದು ತೊಂದರೆ ಹೇಳಿಕೊಂಡಿದ್ದರು. ಯಾರೋ ನೋಡಿದ್ದರು, ಬರೆದಿದ್ದರು. ಆದರೆ ಬರೆದದ್ದು ಬರೆದಲ್ಲೇ ಉಳಿದಿತ್ತು.

ಇಷ್ಟಕ್ಕೂ ಮುಂಚೆಯೇ ಹಿಡಿಯಬೇಕು ಅನ್ನೋ ಹಟ ಯಾಕೆ? ವಾರ್ಡಿನಲ್ಲಿ ಹೃದಯ ನಿಂತ ಮೇಲೆ ಉಳಿದು ಮನೆಗೆ ಹೋಗುವವರು ಎಲ್ಲ ಸೌಲಭ್ಯ ಇರುವ ದೇಶಗಳಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರು. ಎದೆ ಒತ್ತುವುದರಲ್ಲಿ ಎಷ್ಟೇ ಪಳಗಿದ ತಂಡ ಇದ್ದರೂ ಆ ಲೆಕ್ಕ ದೊಡ್ಡದಾಗಿ ಬದಲಾಗುವುದಿಲ್ಲ. ಬದಲಾಯಿಸಲು ಸಾಧ್ಯ ಇರೋದು ಅದರ ಹಿಂದಿನ ಆ ಕೆಲವು ಗಂಟೆಗಳನ್ನು.

ಬಿಪಿ ಸರಿ ಇದೆ ಅಂದರೆ ಸಾಲದು

ಸೋಂಕು ರಕ್ತಕ್ಕೆ ಇಳಿದಾಗ, ಆಪರೇಷನ್ ಆದ ಜಾಗದಲ್ಲಿ ಒಳಗೊಳಗೇ ರಕ್ತ ಸೋರುವಾಗ, ದೇಹ ಸುಮ್ನೆ ಕೂರುವುದಿಲ್ಲ. ಮೆದುಳಿಗೂ ಹೃದಯಕ್ಕೂ ರಕ್ತ ತಪ್ಪಬಾರದು ಅಂತ ಉಳಿದ ಕಡೆ ಕಡಿತ ಮಾಡುತ್ತದೆ. ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಅಂಗೈ ಅಂಗಾಲು ತಣ್ಣಗಾಗುತ್ತವೆ. ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗಿ ಮೂತ್ರದ ಪ್ರಮಾಣ ಇಳಿಯುತ್ತದೆ. ಹೃದಯ ಬೇಗ ಬೇಗ ಬಡಿಯುತ್ತದೆ. ಇಷ್ಟೆಲ್ಲ ಮಾಡಿ ಅದು ಕಾಪಾಡಿಕೊಳ್ಳೋದು ಬಿಪಿಯನ್ನು. ಗಟ್ಟಿಮುಟ್ಟಾದ ವಯಸ್ಕರಲ್ಲಿ ಮೈಯಲ್ಲಿರುವ ರಕ್ತದ ಕಾಲುಭಾಗದಷ್ಟು ಹೋದರೂ ಬಿಪಿಯ ಮೇಲಿನ ಅಂಕಿ ಸರಿಯಾಗಿಯೇ ಕಾಣಬಹುದು. ಅದು ಬೀಳಲು ಶುರುವಾಯಿತು ಅಂದರೆ ದೇಹದ ಉಪಾಯಗಳು ಮುಗಿದವು ಅಂತಲೇ ಅರ್ಥ. ಹರೆಯದವರಲ್ಲಿ, ಬಾಣಂತಿಯರಲ್ಲಿ ಇದು ಇನ್ನೂ ಮೋಸದ್ದು. ಕೊನೇ ತನಕ ಚೆನ್ನಾಗಿಯೇ ಕಂಡು, ಆಮೇಲೆ ಒಂದೇ ಸಲಕ್ಕೆ ಕುಸಿಯುತ್ತಾರೆ.

ಮೊದಲು ಸುಳಿವು ಕೊಡೋದು ಸಾಮಾನ್ಯವಾಗಿ ಉಸಿರು. ಜೀವಕೋಶಗಳಿಗೆ ಆಮ್ಲಜನಕ ಸಾಲದೇ ಹೋದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ರಕ್ತ ಹುಳಿಯಾಗೋದನ್ನು ಮೆದುಳು ತಕ್ಷಣ ಗುರುತಿಸುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಿದರೆ ಹುಳಿ ಸ್ವಲ್ಪ ಇಳಿಯುತ್ತದೆ. ಹಾಗಾಗಿ 'ಉಸಿರು ಜೋರು ಮಾಡು' ಅಂತ ಅಪ್ಪಣೆ ಕೊಡುತ್ತದೆ. ಶ್ವಾಸಕೋಶ ಪೂರ್ತಿ ಚೆನ್ನಾಗಿದ್ದರೂ, ತೊಂದರೆ ಹೊಟ್ಟೆಯಲ್ಲೋ ಮೂತ್ರನಾಳದಲ್ಲೋ ಇದ್ದರೂ, ಉಸಿರಿನ ವೇಗ ಏರೋದು ಇದಕ್ಕೇ.

ಈಗ ವಿಚಿತ್ರ ನೋಡಿ. ಇಷ್ಟು ಮುಖ್ಯವಾದ ಈ ಅಂಕಿಯೇ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲೂ ಅತ್ಯಂತ ಅಸಡ್ಡೆಯಿಂದ ಬರೆಯುವ ಅಂಕಿ. ಬಿಪಿಗೆ ಯಂತ್ರ ಇದೆ, ಪಲ್ಸ್‌ಗೂ ಸ್ಯಾಚುರೇಷನ್‌ಗೂ (ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟಕ್ಕೂ) ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರನ್ನು ಮಾತ್ರ ಯಾರಾದರೂ ನಿಂತು, ಗಡಿಯಾರ ನೋಡಿಕೊಂಡು, ಎದೆ ಏರಿಳಿಯೋದನ್ನು ಒಂದು ಪೂರ್ತಿ ನಿಮಿಷ ಎಣಿಸಬೇಕು. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರೆ ಆ ಒಂದು ನಿಮಿಷ ಎಲ್ಲಿಂದ ಬರಬೇಕು? ಹಾಗಾಗಿ ಚಾರ್ಟಿನಲ್ಲಿ ಸಾಲಾಗಿ 18, 20, 18, 20 ಅಂತ ಇರುತ್ತದೆ. ಎಲ್ಲ ರೋಗಿಗಳೂ ಒಂದೇ ವೇಗದಲ್ಲಿ ಉಸಿರಾಡುವ ವಾರ್ಡು ಕಂಡರೆ, ಅಲ್ಲಿ ಯಾರೂ ಎಣಿಸಿಲ್ಲ ಅಂತ ಧಾರಾಳವಾಗಿ ಹೇಳಬಹುದು.

ಅಂಕ ಕೂಡಿಸುವ ಲೆಕ್ಕ

1997ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಊರಿನ ಜೇಮ್ಸ್ ಪ್ಯಾಜೆಟ್ ಆಸ್ಪತ್ರೆಯವರು ಒಂದು ಸರಳ ಉಪಾಯ ಮುಂದಿಟ್ಟರು. ಪ್ರತಿ ಅಳತೆಗೂ ಅದು ಸಹಜದಿಂದ ಎಷ್ಟು ದೂರ ಹೋಗಿದೆ ಅನ್ನೋದನ್ನು ನೋಡಿ ಅಂಕ ಕೊಡಿ, ಎಲ್ಲ ಕೂಡಿಸಿ, ಮೊತ್ತ ಇಂತಿಷ್ಟು ದಾಟಿದರೆ ಡಾಕ್ಟರನ್ನು ಕರೆಯಿರಿ. ಉಪಾಯ ಹಿಡಿಸಿತು. ಎಷ್ಟು ಹಿಡಿಸಿತು ಅಂದರೆ ಒಂದೊಂದು ಆಸ್ಪತ್ರೆಯೂ ತನ್ನದೇ ಚಾರ್ಟು ಮಾಡಿಕೊಂಡಿತು. ಒಂದು ಆಸ್ಪತ್ರೆಯಲ್ಲಿ ಅಪಾಯ ಅನ್ನಿಸಿಕೊಂಡ ಅಂಕ ಪಕ್ಕದ ಆಸ್ಪತ್ರೆಯಲ್ಲಿ ಪರವಾಗಿಲ್ಲ ಅನ್ನಿಸಿಕೊಂಡಿತು. ಕೊನೆಗೆ 2012ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ದೇಶಕ್ಕೆಲ್ಲ ಒಂದೇ ಚಾರ್ಟು ತಂದಿತು. ಅದರ ಹೆಸರು ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಚಿಕ್ಕದಾಗಿ ನ್ಯೂಸ್. 2017ರಲ್ಲಿ ತಿದ್ದಿ ತಂದ ಎರಡನೇ ರೂಪ ನ್ಯೂಸ್-2 ಈಗ ಬ್ರಿಟನ್ನಿನಾಚೆಗೂ ಬಳಕೆಯಲ್ಲಿದೆ.

ಅದರಲ್ಲಿ ನೋಡೋದು, ವಾರ್ಡಿನವರು ವೈಟಲ್ಸ್ ಅನ್ನುವ ಆರು ಅಳತೆ: ಉಸಿರಿನ ವೇಗ, ಸ್ಯಾಚುರೇಷನ್, ಬಿಪಿಯ ಮೇಲಿನ ಅಂಕಿ, ಪಲ್ಸ್, ಎಚ್ಚರ, ಜ್ವರ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ಇದರ ಮೇಲೆ, ರೋಗಿಗೆ ಆಕ್ಸಿಜನ್ ಹಾಕಿದ್ದರೆ ಇನ್ನೆರಡು ಅಂಕ. ಬಾಯಲ್ಲಿ ಹೇಳಿದರೆ ಇಷ್ಟೇ. ಇದರ ಜಾಣತನ ಗೊತ್ತಾಗೋದು ಒಬ್ಬ ರೋಗಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ.

ಅರವತ್ತು ದಾಟಿದವರೊಬ್ಬರಿಗೆ ಕರುಳಿನ ಆಪರೇಷನ್ ಆಗಿದೆ ಅಂತಿಟ್ಟುಕೊಳ್ಳಿ. ಎರಡನೇ ದಿನ ಸಂಜೆ ಆರಕ್ಕೆ ಉಸಿರು 18, ಸ್ಯಾಚುರೇಷನ್ 97, ಬಿಪಿ 124, ಪಲ್ಸ್ 88, ಜ್ವರ ಇಲ್ಲ, ಚೆನ್ನಾಗಿ ಮಾತಾಡುತ್ತಿದ್ದಾರೆ. ಅಂಕ ಸೊನ್ನೆ. ರಾತ್ರಿ ಹತ್ತಕ್ಕೆ ಉಸಿರು 22, ಸ್ಯಾಚುರೇಷನ್ 95, ಬಿಪಿ 112, ಪಲ್ಸ್ 104, ಜ್ವರ 101 ಡಿಗ್ರಿ ಫ್ಯಾರನ್‌ಹೀಟ್. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಸ್ವಲ್ಪ ಜ್ವರ, ಪಲ್ಸ್ ಸ್ವಲ್ಪ ಜಾಸ್ತಿ, ಆಪರೇಷನ್ ಆಗಿದೆಯಲ್ಲ, ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಅನ್ನಿಸುತ್ತದೆ. ಕೂಡಿಸಿ ನೋಡಿ. ಉಸಿರಿಗೆ 2, ಸ್ಯಾಚುರೇಷನ್‌ಗೆ 1, ಪಲ್ಸ್‌ಗೆ 1, ಜ್ವರಕ್ಕೆ 1. ಒಟ್ಟು 5. ನ್ಯೂಸ್-2ರಲ್ಲಿ 5 ಅಂದರೆ ಡಾಕ್ಟರು ಬೇಗ ಬಂದು ನೋಡಲೇಬೇಕು, ಮುಂದೆ ಗಂಟೆಗೊಮ್ಮೆಯಾದರೂ ಅಳೆಯಬೇಕು.

ಕರೆಯಲಿಲ್ಲ ಅಂತಿಟ್ಟುಕೊಳ್ಳಿ. ನಡುರಾತ್ರಿ ಎರಡು ಗಂಟೆಗೆ ಆಕ್ಸಿಜನ್ ಹಾಕಿದ್ದಾರೆ, ಸ್ಯಾಚುರೇಷನ್ 94. 'ಆಕ್ಸಿಜನ್ ಕೊಟ್ಟ ಮೇಲೆ ಸರಿಹೋಯ್ತು' ಅನ್ನಿಸಬಹುದು. ಆದರೆ ಉಸಿರು 26, ಬಿಪಿ 98, ಪಲ್ಸ್ 118, ಜ್ವರ 101.5, ಮಾತು ತಡವರಿಸುತ್ತಿದೆ, ಮಗನನ್ನು ತಮ್ಮ ಅಂತ ಕರೆಯುತ್ತಿದ್ದಾರೆ. ಈಗ ಅಂಕ 14. ಏಳು ಮುಟ್ಟಿದರೇ ತುರ್ತು ಅನ್ನುವ ಲೆಕ್ಕದಲ್ಲಿ ಇದು ಅದರ ಎರಡರಷ್ಟು. ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಕಳೆದುಹೋದ ನಾಲ್ಕು ಗಂಟೆ ಇದೆಯಲ್ಲ, ಈ ಇಡೀ ವ್ಯವಸ್ಥೆ ಹುಟ್ಟಿದ್ದೇ ಅದಕ್ಕಾಗಿ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡುವ ಸ್ಥಿತಿಯಾದ ಸೆಪ್ಸಿಸ್‌ನಿಂದ ಬಿಪಿ ಬಿದ್ದವರಿಗೆ ಸರಿಯಾದ ಆಂಟಿಬಯಾಟಿಕ್ ಸಿಗೋದು ಮೊದಲ ಆರು ಗಂಟೆಗಳಲ್ಲಿ ಒಂದೊಂದು ಗಂಟೆ ತಡವಾದ ಹಾಗೂ ಬದುಕುಳಿಯುವ ಸಾಧ್ಯತೆ ಸರಾಸರಿ 7.6 ಪ್ರತಿಶತದಂತೆ ಇಳಿಯುತ್ತಾ ಹೋಗಿತ್ತು.

ಮಗನನ್ನು ತಮ್ಮ ಅಂತ ಕರೆದದ್ದಕ್ಕೆ ಪೂರಾ ಮೂರು ಅಂಕ. ಹೊಸದಾಗಿ ಬಂದ ಗೊಂದಲವನ್ನು ಲೆಕ್ಕಕ್ಕೆ ಸೇರಿಸಿದ್ದು 2017ರ ತಿದ್ದುಪಡಿಯಲ್ಲೇ. ಅದಕ್ಕೆ ಮುಂಚೆ ರೋಗಿ ಎಚ್ಚರವಾಗಿದ್ದರೆ ಸಾಕಿತ್ತು, ಏನು ಮಾತಾಡುತ್ತಾರೆ ಅನ್ನೋದಕ್ಕೆ ಅಂಕ ಇರಲಿಲ್ಲ. ವಯಸ್ಸಾದವರು ಹೀಗೆ ಬಡಬಡಿಸಿದಾಗ 'ಅರಳು ಮರಳು' ಅಂತ ತಳ್ಳಿಹಾಕೋದು ನಮ್ಮಲ್ಲೂ ಇದೆ. ನಿನ್ನೆ ಸರಿಯಾಗಿದ್ದವರು ಇವತ್ತು ಹೀಗಾದರೆ ಅದು ವಯಸ್ಸಿನ ತಪ್ಪಲ್ಲ. ಸೋಂಕೋ, ಆಮ್ಲಜನಕದ ಕೊರತೆಯೋ, ಸೋಡಿಯಂ ಏರುಪೇರೋ, ಸಕ್ಕರೆ ಇಳಿದದ್ದೋ ಇರುತ್ತದೆ.

ಲೆಕ್ಕಕ್ಕೆ ಸಿಗದವರೂ ಇದ್ದಾರೆ. ಈ ಚಾರ್ಟು 16 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಅಲ್ಲ, ಅವರಿಗೆ ಬೇರೆ ಚಾರ್ಟುಗಳಿವೆ. ಬಿಪಿಗೆ, ಹೃದಯಕ್ಕೆ ಅಂತ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ಪಲ್ಸ್ ಎಂಥ ಕಷ್ಟದಲ್ಲೂ ಅಷ್ಟಾಗಿ ಏರುವುದಿಲ್ಲ. ವರ್ಷಗಟ್ಟಲೆ ಬೀಡಿ ಸೇದಿಯೋ ಒಲೆ ಹೊಗೆ ಕುಡಿದೋ ಶ್ವಾಸಕೋಶ ಕೆಟ್ಟವರಲ್ಲಿ ಕೆಲವರಿಗೆ 88ರಿಂದ 92ರ ಸ್ಯಾಚುರೇಷನ್ನೇ ಸರಿಯಾದ ಗುರಿ, ಹೆಚ್ಚು ಆಕ್ಸಿಜನ್ ಕೊಟ್ಟರೇ ತೊಂದರೆ. ಅಂಥವರಿಗಾಗಿ ನ್ಯೂಸ್-2ರಲ್ಲಿ ಇನ್ನೊಂದು ಪಟ್ಟಿ ಇದೆ. ಇನ್ನು ಆಕ್ಸಿಮೀಟರ್ ವಿಷಯ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದು 94 ಅನ್ನೋ ಅಂಕಿಯನ್ನು ಎಲ್ಲರ ಬಾಯಲ್ಲೂ ಕೂರಿಸಿತ್ತಲ್ಲ, ಅದೇ. ಚರ್ಮದ ಬಣ್ಣ ಗಾಢವಾದಷ್ಟೂ ಅದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ. 2020ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಯಂತ್ರಕ್ಕೆ ಕಾಣದೇ ಹೋದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ನಮ್ಮ ಬಣ್ಣದವರೂ ನೆನಪಿಡಬೇಕಾದ ಮಾತು ಇದು. ತಣ್ಣಗಾದ ಬೆರಳು, ಉಗುರು ಬಣ್ಣ ಕೂಡ ಅದನ್ನು ದಾರಿ ತಪ್ಪಿಸುತ್ತವೆ.

ಕರೆದರೆ ಯಾರು ಬರುತ್ತಾರೆ?

ಅಂಕ ಗೊತ್ತಾಯಿತು, ಮುಂದೆ? ಹಳೆಯ ಪದ್ಧತಿಯಲ್ಲಿ ಸಿಸ್ಟರ್ ಇಂಟರ್ನ್‌ಗೆ ಹೇಳಬೇಕು, ಇಂಟರ್ನ್ ಪಿ.ಜಿ.ಗೆ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರಿಗೆ), ಪಿ.ಜಿ. ಅಸಿಸ್ಟೆಂಟ್ ಪ್ರೊಫೆಸರಿಗೆ, ಅವರು ಯೂನಿಟ್ ಚೀಫ್‌ಗೆ. ಒಬ್ಬೊಬ್ಬರೂ ಬಂದು ನೋಡಿ, ಸ್ವಲ್ಪ ಏನೋ ಮಾಡಿ, ಕಾದು ನೋಡಿ, ಆಮೇಲೆ ಮೇಲಿನವರಿಗೆ ಹೇಳುವಷ್ಟರಲ್ಲಿ ಬೆಳಗಾಗುತ್ತದೆ.

ಈ ಏಣಿಯನ್ನೇ ಬದಿಗಿಟ್ಟವರು ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯವರು. 1990ರಲ್ಲಿ ಕೆನ್ ಹಿಲ್‌ಮನ್ ಮತ್ತು ಅವರ ಜೊತೆಗಾರರು ಅಲ್ಲಿ ಮೆಡಿಕಲ್ ಎಮರ್ಜೆನ್ಸಿ ಟೀಮ್ ಶುರು ಮಾಡಿದರು. ಹೃದಯ ನಿಂತ ಮೇಲೆ ಓಡುವ ತಂಡವನ್ನು ಹೃದಯ ನಿಲ್ಲುವ ಮುಂಚೆಯೇ ಕರೆಯೋಣ ಅನ್ನೋದು ಯೋಚನೆ. ಯಾವಾಗ ಕರೆಯಬೇಕು ಅನ್ನೋ ಪಟ್ಟಿ ಗೋಡೆಯ ಮೇಲೆ ಇರುತ್ತದೆ. ಪಟ್ಟಿಯಲ್ಲಿರೋದು ಯಾವುದಾದರೂ ಒಂದು ಕಂಡರೆ ವಾರ್ಡಿನ ಯಾರು ಬೇಕಾದರೂ, ಯಾರ ಒಪ್ಪಿಗೆಯನ್ನೂ ಕೇಳದೆ, ಐಸಿಯು ಅನುಭವ ಇರುವ ತಂಡವನ್ನು ನೇರ ಕರೆಯಬಹುದು. ಪಟ್ಟಿಯ ಕೊನೆಯಲ್ಲಿ ಯಾವ ಅಂಕಿಯೂ ಇಲ್ಲದ ಒಂದು ಕಾರಣ ಇತ್ತು: ಈ ರೋಗಿಯ ಬಗ್ಗೆ ನಿಮಗೆ ತುಂಬಾ ಚಿಂತೆಯಾಗಿದ್ದರೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅದೇ ಧೈರ್ಯದ ಸಾಲು. ಹತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸಿಗೆ ಅಂಕಿ ಬದಲಾಗುವ ಮುಂಚೆಯೇ ಏನೋ ಹೊಳೆದಿರುತ್ತದೆ. ರೋಗಿ ಕಣ್ಣು ಕೊಟ್ಟು ಮಾತಾಡುತ್ತಿಲ್ಲ, ಹಾಸಿಗೆಯಲ್ಲಿ ಒಂದೇ ಸಮ ಹೊರಳುತ್ತಿದ್ದಾರೆ, ಮೈ ಬಿಳುಚಿದೆ. ಈ ಚಿಂತೆಯನ್ನೇ ಪಟ್ಟಿ ಮಾಡಿ ಅಧ್ಯಯನ ಮಾಡಿದ ನೆದರ್ಲೆಂಡ್ಸ್‌ನ ಸಂಶೋಧಕರೂ ಇದ್ದಾರೆ.

ತಂಡ ಬಂದ ಮೇಲೆ ನಡೆಯೋದು ಬಹುತೇಕ ಸಾಮಾನ್ಯ ಕೆಲಸಗಳೇ. ಗಂಟಲು ದಾರಿ ಸರಿ ಇದೆಯಾ, ಉಸಿರು ಹೇಗಿದೆ, ರಕ್ತ ಓಡಾಟ ಹೇಗಿದೆ, ಎಚ್ಚರ ಇದೆಯಾ, ಮೈಮೇಲೆ ಬೇರೇನಾದರೂ ಕಾಣುತ್ತಿದೆಯಾ ಅಂತ ಇದೇ ಕ್ರಮದಲ್ಲಿ ನೋಡುತ್ತಾರೆ. ಆಕ್ಸಿಜನ್, ಡ್ರಿಪ್, ರಕ್ತ ಪರೀಕ್ಷೆ, ಬೇಕಿದ್ದರೆ ಆಂಟಿಬಯಾಟಿಕ್. ಎಷ್ಟೋ ಸಲ ರೋಗಿ ವಾರ್ಡಿನಲ್ಲೇ ಸುಧಾರಿಸುತ್ತಾರೆ. ಇಲ್ಲದಿದ್ದರೆ ಐಸಿಯುಗೆ.

ಕೇಳೋದಕ್ಕೆ ಇಷ್ಟು ಸರಿಯಾಗಿರುವ ಉಪಾಯ ಪರೀಕ್ಷೆಯಲ್ಲಿ ಎಡವಿತು. ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆದ ಮೆರಿಟ್ ಅಧ್ಯಯನದ ಫಲಿತಾಂಶ 2005ರಲ್ಲಿ ಬಂತು. ತಂಡ ಇದ್ದ ಆಸ್ಪತ್ರೆಗಳಿಗೂ ಇಲ್ಲದವಕ್ಕೂ ಸಾವು, ಹೃದಯಸ್ತಂಭನ, ಐಸಿಯುಗೆ ದಿಢೀರ್ ಸಾಗಿಸುವುದು ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾಕೆ ಅಂತ ಕೆದಕಿದಾಗ ಸಿಕ್ಕ ಉತ್ತರ ಮುಖ್ಯ. ತಂಡ ಸಿದ್ಧವಾಗಿತ್ತು, ಪಟ್ಟಿ ಗೋಡೆ ಮೇಲಿತ್ತು, ರೋಗಿ ಆ ಪಟ್ಟಿಯ ಗೆರೆ ದಾಟಿದ್ದರು. ಆದರೂ ಬಹಳಷ್ಟು ಸಲ ಯಾರೂ ಕರೆದಿರಲಿಲ್ಲ. ಕೆಲವು ಸಲ ಅಳತೆಯನ್ನೇ ತಗೊಂಡಿರಲಿಲ್ಲ. ಮುಂದಿನ ವರ್ಷಗಳಲ್ಲಿ ಬಂದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇಂಥ ತಂಡಗಳಿರುವ ಕಡೆ ವಾರ್ಡಿನಲ್ಲಿ ಹೃದಯ ನಿಲ್ಲುವುದು ಕಡಿಮೆಯಾಗಿರೋದು ಕಾಣುತ್ತದೆ. ಆದರೆ ಮೆರಿಟ್ ಕಲಿಸಿದ ಪಾಠ ಹಾಗೇ ಉಳಿದಿದೆ. ಎರಡು ತುದಿಗಳಲ್ಲಿ ಸೋತದ್ದು ಬರುವ ತುದಿಯಲ್ಲ, ಕರೆಯುವ ತುದಿ.

ಅದೇ ದೇಶದ ನ್ಯೂ ಸೌತ್ ವೇಲ್ಸ್ ರಾಜ್ಯ ಇದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಹುಡುಕಿತು. ಸರ್ಕಾರಿ ಆಸ್ಪತ್ರೆಗಳ ಬಗ್ಗೆ 2008ರಲ್ಲಿ ಬಂದ ಗಾರ್ಲಿಂಗ್ ವಿಚಾರಣಾ ವರದಿಯ ನಂತರ, 2010ರಲ್ಲಿ 'ಬಿಟ್ವೀನ್ ದ ಫ್ಲ್ಯಾಗ್ಸ್' ಕಾರ್ಯಕ್ರಮ ತಂದಿತು. ಅಲ್ಲಿನ ಕಡಲತೀರಗಳಲ್ಲಿ ಎರಡು ಬಾವುಟ ನೆಟ್ಟಿರುತ್ತಾರೆ. ಅವುಗಳ ನಡುವೆ ಈಜಿದರೆ ಕಾವಲಿನವರು ನೋಡಿಕೊಳ್ಳುತ್ತಾರೆ. ರೋಗಿಯ ಚಾರ್ಟನ್ನೂ ಹಾಗೇ ಬಣ್ಣದ ಪಟ್ಟಿಗಳಲ್ಲಿ ಅಚ್ಚು ಹಾಕಿದರು. ಸಿಸ್ಟರ್ ಚುಕ್ಕಿ ಇಟ್ಟ ಜಾಗ ಹಳದಿಯಾಗಿದ್ದರೆ ಅರ್ಧ ಗಂಟೆಯೊಳಗೆ ಡಾಕ್ಟರು ನೋಡಬೇಕು, ಕೆಂಪಾಗಿದ್ದರೆ ತಂಡವನ್ನು ಆ ಕ್ಷಣವೇ ಕರೆಯಬೇಕು. ಕೂಡಿಸುವ ಲೆಕ್ಕವೂ ಬೇಡ, ಬಣ್ಣ ಕಂಡರೆ ಸಾಕು. ಇಡೀ ರಾಜ್ಯಕ್ಕೆ ಒಂದೇ ಚಾರ್ಟು.

ಫೋನಿನಲ್ಲಿ ಏನು ಹೇಳಬೇಕು

ಕರೆಯೋದು ಯಾಕೆ ಇಷ್ಟು ಕಷ್ಟ? ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮಲಗಿದ ಸೀನಿಯರ್ ಡಾಕ್ಟರನ್ನು ಎಬ್ಬಿಸಿ, ರೋಗಿಗೆ ಏನೂ ಆಗಿಲ್ಲ ಅಂತಾದರೆ ಬೈಗುಳ ಗ್ಯಾರಂಟಿ. ಎಬ್ಬಿಸದೆ ಬೆಳಿಗ್ಗೆ ರೋಗಿ ಸೀರಿಯಸ್ ಆದರೆ ಆ ಜವಾಬ್ದಾರಿ ನಾಲ್ಕಾರು ಜನರಲ್ಲಿ ಹಂಚಿಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಇಪ್ಪತ್ತೆರಡರ ಹುಡುಗಿ ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾಳೆ? ಅಂಕದ ನಿಜವಾದ ಉಪಯೋಗ ಇರೋದು ಇಲ್ಲೇ ಅಂತ ನನಗನ್ನಿಸುತ್ತದೆ. 'ನನಗೆ ಭಯ ಆಗ್ತಿದೆ ಸರ್' ಅನ್ನುವ ಬದಲು 'ನ್ಯೂಸ್ 7 ಆಗಿದೆ ಸರ್, ನಿಯಮದ ಪ್ರಕಾರ ಕರೆದಿದ್ದೇನೆ' ಅನ್ನಬಹುದು. ಬೈಗುಳ ನಿಯಮದ ಮೇಲೆ ಹೋಗುತ್ತದೆ, ಅವಳ ಮೇಲಲ್ಲ.

ಏನು ಹೇಳಬೇಕು ಅನ್ನೋದಕ್ಕೂ ಒಂದು ಕ್ರಮ ಇದೆ. ಹೆಸರು ಎಸ್‌ಬಿಎಆರ್. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಲ್ಲಿ ಬಳಕೆಯಲ್ಲಿದ್ದ ಮಾತಿನ ಕ್ರಮವನ್ನು ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆ ಆಸ್ಪತ್ರೆಗೆ ಒಗ್ಗಿಸಿಕೊಂಡಿತು. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನೀವು ಏನು ಮಾಡಬೇಕು. ನಾಲ್ಕೇ ಭಾಗ, ಅವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎಸ್‌ಬಿಎಆರ್. ನಮ್ಮ ವಾರ್ಡಿನ ಫೋನ್ ಕರೆ ಹೀಗಿರುತ್ತದೆ: 'ಸರ್, 14ನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ.' 'ಹೂಂ, ಬರ್ತೀನಿ, ವೈಟಲ್ಸ್ ನೋಡ್ತಾ ಇರಿ.' ಫೋನ್ ಕಟ್. ಅದೇ ಮಾತು ಕ್ರಮದಲ್ಲಿ ಬಂದರೆ: 'ಸರ್, 14ನೇ ಬೆಡ್, ಉಸಿರು 26, ಬಿಪಿ 98, ಹೊಸದಾಗಿ ಗೊಂದಲ ಶುರುವಾಗಿದೆ. ಎರಡು ದಿನದ ಹಿಂದೆ ಕರುಳಿನ ಆಪರೇಷನ್ ಆಗಿದೆ. ಒಳಗೆ ಹೊಲಿಗೆ ಬಿಟ್ಟು ಸೆಪ್ಸಿಸ್ ಆಗಿರಬಹುದು ಅನ್ನಿಸ್ತಿದೆ. ನೀವು ಹತ್ತು ನಿಮಿಷದಲ್ಲಿ ಬರಬೇಕು.' ಈ ಕೊನೆಯ ವಾಕ್ಯವೇ ಅತ್ಯಂತ ಕಷ್ಟದ್ದು. ಚಿಕ್ಕವರು ದೊಡ್ಡವರಿಗೆ 'ನೀವು ಬರಬೇಕು' ಅನ್ನೋದು ನಮ್ಮ ರೂಢಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಅದನ್ನು ಕ್ರಮದೊಳಗೆ ಸೇರಿಸಿ, ಅಭ್ಯಾಸ ಮಾಡಿಸಬೇಕಾಗುತ್ತದೆ.

ಎಷ್ಟು ಒಳ್ಳೆಯ ಚಾರ್ಟು ಇದ್ದರೂ ಬರೆಯಲು ಕೈಗಳು ಬೇಕು. ಲಿಂಡಾ ಐಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದರೆ, ಆಪರೇಷನ್ ಆದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ 7 ಪ್ರತಿಶತ ಹೆಚ್ಚು. ಅವರು ನೋಡಿದ್ದು ಒಬ್ಬರಿಗೆ ನಾಲ್ಕರಿಂದ ಎಂಟು ರೋಗಿಗಳಿದ್ದ ಆಸ್ಪತ್ರೆಗಳನ್ನು. ನಮ್ಮ ಜಿಲ್ಲಾಸ್ಪತ್ರೆಯ ರಾತ್ರಿ ಪಾಳಿ ಆ ಲೆಕ್ಕದೊಳಗೆ ಹಿಡಿಯೋದೇ ಇಲ್ಲ.

ಯಂತ್ರಗಳಿಂದ ಇದನ್ನು ತುಂಬುವ ಪ್ರಯತ್ನವೂ ನಡೆದಿದೆ. ಬೆಂಗಳೂರಿನ ಡೋಜಿ ಕಂಪನಿಯ ಹಾಳೆಯಂಥ ಸಾಧನವನ್ನು ಹಾಸಿಗೆಯ ಕೆಳಗಿಟ್ಟರೆ, ಮೈ ಮುಟ್ಟದೆ ಎದೆಬಡಿತವನ್ನೂ ಉಸಿರನ್ನೂ ಎಣಿಸುತ್ತಲೇ ಇರುತ್ತದೆ. ಯಾರೂ ಎಣಿಸದ ಅಂಕಿಯನ್ನು ಯಂತ್ರ ಎಣಿಸಿದರೆ ಒಳ್ಳೆಯದೇ. ಆದರೆ ಅಲಾರಂ ಹೊಡೆದಾಗ ಎದ್ದು ಹೋಗಲು ಯಾರಾದರೂ ಇರಬೇಕು. ಸುಮ್ಸುಮ್ನೆ ಪದೇ ಪದೇ ಹೊಡೆಯುವ ಅಲಾರಂ ಕಿವಿಗೆ ಬೀಳೋದೇ ನಿಂತುಹೋಗುತ್ತದೆ.

ಮನೆಯವರ ಮಾತು

ಮಾರ್ಥಾ ಮಿಲ್ಸ್‌ಗೆ ಇನ್ನೇನು 14 ತುಂಬುವುದಿತ್ತು. 2021ರ ಬೇಸಿಗೆ ರಜೆಯಲ್ಲಿ ವೇಲ್ಸ್‌ನಲ್ಲಿ ಸೈಕಲ್ಲಿನಿಂದ ಬಿದ್ದು, ಹ್ಯಾಂಡಲ್ ಹೊಟ್ಟೆಗೆ ಒತ್ತಿ, ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಲಂಡನ್ನಿನ ಆಸ್ಪತ್ರೆಯಲ್ಲಿದ್ದಾಗ ಸೆಪ್ಸಿಸ್ ಆಯಿತು. ಮಗಳು ಸೋಲುತ್ತಿದ್ದಾಳೆ ಅಂತ ತಾಯಿ ಮೆರೋಪಿ ಮಿಲ್ಸ್ ಮತ್ತೆ ಮತ್ತೆ ಹೇಳಿದರೂ ಸಮಾಧಾನದ ಮಾತು ಸಿಕ್ಕಿತೇ ಹೊರತು ಸಮಯಕ್ಕೆ ಐಸಿಯು ಸಿಗಲಿಲ್ಲ. ಬೇಗ ಐಸಿಯುಗೆ ಸಾಗಿಸಿದ್ದರೆ ಆಕೆ ಬಹುಶಃ ಬದುಕುತ್ತಿದ್ದಳು ಅಂತ 2022ರಲ್ಲಿ ವಿಚಾರಣಾಧಿಕಾರಿ ಹೇಳಿದರು. ಆ ತಾಯಿ ಬಿಡಲಿಲ್ಲ. 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಾರ್ಥಾಸ್ ರೂಲ್ ಹಂತಹಂತವಾಗಿ ಬಂತು. ರೋಗಿಯೋ ಮನೆಯವರೋ ದಿನದ ಯಾವ ಹೊತ್ತಿನಲ್ಲಾದರೂ ಬೇರೊಂದು ತಂಡವನ್ನು ತಾವೇ ಕರೆಸಿ ತೋರಿಸಬಹುದು. ಸಿಬ್ಬಂದಿಯೂ ಹಾಗೇ ಕರೆಯಬಹುದು. ಅಷ್ಟೇ ಅಲ್ಲ, ದಿನಕ್ಕೊಮ್ಮೆಯಾದರೂ 'ನಿನ್ನೆಗಿಂತ ಹೇಗಿದ್ದಾರೆ?' ಅಂತ ಆಸ್ಪತ್ರೆಯವರೇ ಕೇಳಿ ಬರೆದುಕೊಳ್ಳಬೇಕು.

ಇದಕ್ಕೂ ಮುಂಚೆ, 2013ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಇಂಥದ್ದೇ ರಯಾನ್ಸ್ ರೂಲ್ ತಂದಿತ್ತು. 2007ರಲ್ಲಿ ತೀರಿಕೊಂಡ, ಇನ್ನೂ ಮೂರು ತುಂಬದ ರಯಾನ್ ಸಾಂಡರ್ಸ್ ಹೆಸರಿನಲ್ಲಿ. ಅವನ ಅಪ್ಪ ಅಮ್ಮನೂ ಮಗು ಕೆಡುತ್ತಿದೆ ಅಂತ ಹೇಳಿದ್ದರು, ಕೇಳುವವರು ಸಿಕ್ಕಿರಲಿಲ್ಲ.

ನಮ್ಮಲ್ಲಿ ಇಂಥ ಹೆಸರಿನ ನಿಯಮ ಇಲ್ಲ. ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್ ಮಾನ್ಯತೆಯ ಮಾನದಂಡಗಳಲ್ಲಿ ರೋಗಿ ಹದಗೆಡುವ ಮುನ್ಸೂಚನೆಗಳನ್ನು ಸಿಬ್ಬಂದಿ ಗುರುತಿಸಿ ಬೇಗ ಕ್ರಮ ತಗೊಳ್ಳಬೇಕು ಅಂತಿದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸ್ಕೋರ್ ಚಾರ್ಟು, ಕರೆದರೆ ಬರುವ ತಂಡ ಕಾಣಸಿಗುತ್ತವೆ. ಆದರೆ ಬ್ರಿಟನ್ನಿನಲ್ಲಿ ಇಲ್ಲದ ಒಂದು ಅನುಕೂಲ ನಮಗಿದೆ. ಇಲ್ಲಿ ರೋಗಿ ಒಬ್ಬರೇ ಇರೋದು ಅಪರೂಪ. ಹೆಂಡತಿಯೋ ಮಗನೋ ಸೊಸೆಯೋ ಮಂಚದ ಪಕ್ಕ ಚಾಪೆ ಹಾಸಿ ಮಲಗಿರುತ್ತಾರೆ. ಯೂರಿನ್ ಬ್ಯಾಗ್ ಖಾಲಿ ಮಾಡೋದು, ಗಂಜಿ ಕುಡಿಸೋದು, ಮಗ್ಗುಲು ಬದಲಿಸೋದು ಅವರೇ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲ್ಲ. ಅವರನ್ನು 'ಗಲಾಟೆ ಮಾಡಬೇಡಿ, ಹೊರಗೆ ಕೂತ್ಕೊಳ್ಳಿ' ಅಂತ ಕಳಿಸೋದು ಕೈಯಲ್ಲಿದ್ದ ಸುಳಿವನ್ನು ಎಸೆದ ಹಾಗೆ.

ಪ್ರತಿ ಕರೆಯೂ ಐಸಿಯು ಕಡೆಗೇ ಹೋಗಬೇಕಾಗಿಲ್ಲ ಅನ್ನೋದನ್ನೂ ಹೇಳಬೇಕು. ಎಲ್ಲ ಕಡೆ ಹಬ್ಬಿದ ಕ್ಯಾನ್ಸರ್ ಇರುವವರು, ತೀರಾ ವಯಸ್ಸಾಗಿ ಸೋತವರು ಹದಗೆಟ್ಟಾಗ, ತಂಡ ಬಂದು ಮಾಡುವ ಕೆಲಸ ಎಷ್ಟೋ ಸಲ ಮನೆಯವರ ಜೊತೆ ಕೂತು ಮಾತಾಡೋದು. ಎದೆ ಒತ್ತೋದು, ವೆಂಟಿಲೇಟರ್ ಹಾಕೋದು ಇವರಿಗೆ ಒಳ್ಳೆಯದಾ, ಇಲ್ಲ ನೋವು ಕಳೆದು ನೆಮ್ಮದಿಯಾಗಿ ಇರಿಸೋದಾ? ಎದೆ ಒತ್ತಿ ಬದುಕಿಸುವ ಪ್ರಯತ್ನ ಬೇಡ ಅನ್ನುವ ನಿರ್ಧಾರವನ್ನು ಹೇಗೆ ಮಾಡಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಜೀವ ಉಳಿಸುವ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟಿನ ನಿಯಮಗಳು 2023ರಲ್ಲಿ ಸರಳವಾದವು, ಅವನ್ನು ಜಾರಿ ಮಾಡಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಈ ಮಾತು ಹಗಲು ಹೊತ್ತಿನಲ್ಲಿ, ರೋಗಿಗೇ ಮಾತಾಡುವ ಶಕ್ತಿ ಇರುವಾಗ ಆಗಿದ್ದರೆ ಚೆನ್ನ. ನಡುರಾತ್ರಿ ಕಾರಿಡಾರಿನಲ್ಲಿ ಆಗೋದು ಯಾರಿಗೂ ಬೇಡ.

ಮಂಚದ ಪಕ್ಕ ಕೂತವರು ಮಾಡಬಹುದಾದದ್ದು ದೊಡ್ಡದೇನಲ್ಲ. ರೋಗಿ ಮಲಗಿರುವಾಗ, ಅವರಿಗೆ ಹೇಳದೆ, ಮೊಬೈಲಿನ ಗಡಿಯಾರ ನೋಡಿಕೊಂಡು ಒಂದು ನಿಮಿಷ ಎದೆ ಏಳೋದನ್ನು ಎಣಿಸಿ. ಹೇಳಿ ಎಣಿಸಿದರೆ ಉಸಿರು ಬದಲಾಗುತ್ತದೆ. ದೊಡ್ಡವರಲ್ಲಿ 12ರಿಂದ 20 ಸಹಜ. 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯೂಸ್-2ರಲ್ಲಿ ಅದೊಂದಕ್ಕೇ ಮೂರು ಅಂಕ. ಯೂರಿನ್ ಬ್ಯಾಗ್ ಇದ್ದರೆ, 60 ಕಿಲೋ ತೂಕದವರಿಗೆ ಗಂಟೆಗೆ ಸುಮಾರು 30 ಎಂಎಲ್ ಆದರೂ ಬರುತ್ತಿರಬೇಕು. ಹೊಸ ಗೊಂದಲ, ತಣ್ಣಗಿನ ಬೆವರು, ಮೈ ನಡುಗುವ ಚಳಿ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಬೆಳಗಾಗುವ ತನಕ ಕಾಯಬೇಡಿ.

ಹೇಳುವಾಗ ಕೂಗಾಡೋದಕ್ಕಿಂತ ಅಂಕಿ ಹೇಳೋದು ಬೇಗ ಕೆಲಸ ಮಾಡುತ್ತದೆ. 'ಸಿಸ್ಟರ್, 14ನೇ ಬೆಡ್, ನಮ್ಮ ತಂದೆ. ನಿಮಿಷಕ್ಕೆ 28 ಸಲ ಉಸಿರಾಡ್ತಿದ್ದಾರೆ, ನಾನು ಎರಡು ಸಲ ಎಣಿಸಿದೆ. ಸಂಜೆ ಚೆನ್ನಾಗಿ ಮಾತಾಡ್ತಿದ್ರು, ಈಗ ನನ್ನ ಗುರುತು ಹಿಡೀತಿಲ್ಲ. ಒಂದ್ಸಲ ಬಂದು ನೋಡಿ, ಡ್ಯೂಟಿ ಡಾಕ್ಟ್ರಿಗೂ ಹೇಳಿ.' ಬಾರದಿದ್ದರೆ ವಾರ್ಡ್ ಇನ್‌ಚಾರ್ಜ್ ಯಾರು, ಕ್ಯಾಶುಯಲ್ಟಿಯ ಡಾಕ್ಟರು ಯಾರು ಅಂತ ಕೇಳಿ. ಇದನ್ನು ಅಡ್ಮಿಟ್ ಆದ ದಿನವೇ ವಿಚಾರಿಸಿಟ್ಟುಕೊಂಡರೆ ಇನ್ನೂ ಸುಲಭ. ಡಾಕ್ಟರು ಬಂದು ನೋಡಿ ಹೋಗುವಾಗ ಒಂದೇ ಪ್ರಶ್ನೆ ಬಾಕಿ ಇರುತ್ತದೆ: ಮುಂದಿನ ವೈಟಲ್ಸ್ ಎಷ್ಟು ಗಂಟೆಗೆ, ಎಷ್ಟು ಬಂದರೆ ಮತ್ತೆ ಕರೀಬೇಕು? ಉತ್ತರವನ್ನು ಕೇಸ್ ಶೀಟಿನಲ್ಲೂ ಬರೆಯಲು ಹೇಳಿ. ಎಂಟು ಗಂಟೆಗೆ ಪಾಳಿ ಬದಲಾಗುತ್ತದೆ, ಹೊಸದಾಗಿ ಬರುವ ಸಿಸ್ಟರ್‌ಗೆ ರಾತ್ರಿ ಏನಾಯಿತು ಅಂತ ಗೊತ್ತಾಗೋದು ಅದರಿಂದಲೇ.